ಹುಳುಕು ಹಲ್ಲಿನಲ್ಲಿ ಹುಳು ಎಲ್ಲಿ?

ಮಗುವಿನ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆಯೊಂದು ಕಂಡಿತೆಂದರೆ ಮನೆಯ ಹಿರಿಯರು ಹೇಳುವ ಮಾತು ಒಂದೇ: ‘ಹಲ್ಲಿಗೆ ಹುಳ ಹಿಡಿದಿದೆ’. ಕನ್ನಡದಲ್ಲಿ ಇಂಥ ಹಲ್ಲಿಗೆ ‘ಹುಳುಕು ಹಲ್ಲು’ ಎಂದೇ ಹೆಸರು. ಹೀಗೆ ನಂಬಿದವರು ನಮ್ಮವರಷ್ಟೇ ಅಲ್ಲ. ಪುರಾತನ ಬ್ಯಾಬಿಲೋನಿಯಾದ ಮಣ್ಣಿನ ಫಲಕಗಳಲ್ಲೂ ಹಲ್ಲು ಕೊರೆಯುವ ಹುಳುವಿನ ಪ್ರಸ್ತಾಪವಿದೆ. ಚೀನಾದಿಂದ ಇಂಗ್ಲೆಂಡಿನವರೆಗೆ ಸಾವಿರಾರು ವರ್ಷ ಜನ ಈ ಹುಳುವನ್ನು ನಂಬಿದ್ದರು.

ನಂಬಿಕೆಗೆ ಪುರಾವೆಯೂ ಇತ್ತು. ನಮ್ಮ ಹಳ್ಳಿಗಳಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಆ ಹೊಗೆಯನ್ನು ನೋಯುವ ಹಲ್ಲಿಗೆ ಹಿಡಿಸುವ ಪದ್ಧತಿಯಿತ್ತು. ಹೊಗೆ ಹಾಕಿದ ಮೇಲೆ ಬಿಳಿಯ ಎಳೆಯಂಥದ್ದು ಬಿದ್ದರೆ ‘ಹುಳ ಬಿತ್ತು’ ಎಂದು ಎಲ್ಲರಿಗೂ ಸಮಾಧಾನ. ಯೂರೋಪಿನಲ್ಲಿ ಇದೇ ಕೆಲಸಕ್ಕೆ ಹೆನ್‌ಬೇನ್ ಎಂಬ ಗಿಡದ ಬೀಜ ಬಳಕೆಯಾಗುತ್ತಿತ್ತು. ಬಿಸಿಗೆ ಬೀಜ ಒಡೆದಾಗ ಹೊರಬರುವ ಅದರ ಮೊಳಕೆಯನ್ನೇ ಜನ ಹುಳುವೆಂದು ತಿಳಿದಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಹೊಗೆಯಿಂದ ನೋವು ಸ್ವಲ್ಪ ಹೊತ್ತು ಮಂದವಾಗುತ್ತಿದ್ದುದೂ ಉಂಟು. ಹಾಗಾಗಿ ಅಜ್ಜಿಯರನ್ನು ದೂರುವಂತಿಲ್ಲ.

ಹುಳುವಿನ ಕತೆಯನ್ನು ಮೊದಲು ಗಟ್ಟಿಯಾಗಿ ಅಲ್ಲಗಳೆದವರಲ್ಲಿ ಫ್ರಾನ್ಸಿನ ಪಿಯರ್ ಫೋಷಾರ್ ಪ್ರಮುಖ. 1728ರಲ್ಲಿ ಪ್ರಕಟವಾದ ದಂತವೈದ್ಯದ ತನ್ನ ದೊಡ್ಡ ಗ್ರಂಥದಲ್ಲಿ ಆತ, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಹುಳು ಕಾಣಲಿಲ್ಲವೆಂದು ಬರೆದ. ಸಕ್ಕರೆಯ ಮೇಲೆ ಸಂಶಯಪಟ್ಟ. ಆದರೆ ಸಕ್ಕರೆ ಹಲ್ಲನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಉತ್ತರ ಸಿಗಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು.

ಆ ಉತ್ತರ ಬಂದದ್ದು ಬರ್ಲಿನ್‌ನಿಂದ. ಅಲ್ಲಿ ನೆಲೆಸಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್, ಕ್ಷಯರೋಗದ ಕ್ರಿಮಿಯನ್ನು ಪತ್ತೆಹಚ್ಚಿದ ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವ. ಕಿತ್ತ ಹಲ್ಲುಗಳನ್ನು ಆತ ಬ್ರೆಡ್ಡು ಮತ್ತು ಎಂಜಲಿನ ಮಿಶ್ರಣದಲ್ಲಿಟ್ಟು ಮೈಯ ಶಾಖದಲ್ಲಿ ಕಾಯಿಸಿದ. ಹಲ್ಲು ಮೆತ್ತಗಾಯಿತು. ಬ್ರೆಡ್ಡಿನ ಬದಲು ಮಾಂಸ ಹಾಕಿದಾಗ ಹಾಗಾಗಲಿಲ್ಲ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ಮತ್ತು ಪಿಷ್ಟವನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಎನಾಮಲ್‌ನಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ ಎಂಬುದು 1890ರ ಅವನ ಪುಸ್ತಕದ ಸಾರ. ಇದರಲ್ಲಿ ಮುಖ್ಯ ಪಾತ್ರಧಾರಿಯಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಲಂಡನ್ನಿನ ಕ್ಲಾರ್ಕ್ 1924ರಲ್ಲಿ ಗುರುತಿಸಿದ. ಹೀಗಾಗಿ ಹುಳು ಇಲ್ಲ ಎಂದರೂ ಅರ್ಧ ತಪ್ಪೇ. ಕಣ್ಣಿಗೆ ಕಾಣುವ ಹುಳು ಇಲ್ಲ, ಅಷ್ಟೆ.

ಆಮ್ಲ ಹಲ್ಲನ್ನು ಕರಗಿಸಿದರೆ, ಎಂಜಲು ಅದನ್ನು ರಿಪೇರಿ ಮಾಡುತ್ತಲೇ ಇರುತ್ತದೆ. ಎಂಜಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟು ಮರಳಿ ಎನಾಮಲ್‌ಗೆ ಸೇರುತ್ತವೆ. ಆದರೆ ಈ ರಿಪೇರಿಗೆ ಬಿಡುವು ಬೇಕು. ಬೆಳಿಗ್ಗೆ ಒಂದು ಬಿಸ್ಕತ್ತು, ಹತ್ತು ಗಂಟೆಗೆ ಪೆಪ್ಪರಮಿಂಟು, ಆಮೇಲೆ ಇನ್ನೊಂದು ಚಾಕೊಲೇಟು ಎಂದು ಬಾಯಾಡಿಸುತ್ತಿರುವ ಮಗುವಿನ ಹಲ್ಲಿಗೆ ಬಿಡುವೇ ಸಿಗುವುದಿಲ್ಲ. ಎಷ್ಟು ಸಿಹಿ ತಿಂದೆ ಎನ್ನುವುದಕ್ಕಿಂತ ಎಷ್ಟು ಸಲ ತಿಂದೆ ಎನ್ನುವುದು ಹೆಚ್ಚು ಮುಖ್ಯ.

ಈ ಸರಳ ಮಾತನ್ನು ಸಾಬೀತು ಮಾಡಿದ ರೀತಿ ಮಾತ್ರ ಸರಳವಾಗಿಲ್ಲ. ಸ್ವೀಡನ್ನಿನ ಲುಂಡ್ ನಗರದ ಬಳಿಯ ವಿಪೆಹೋಮ್ ಎಂಬಲ್ಲಿ ಬುದ್ಧಿಮಾಂದ್ಯರಿಗಾಗಿ ಒಂದು ಸರಕಾರಿ ಆಸ್ಪತ್ರೆಯಿತ್ತು. 1940ರ ದಶಕದ ಉತ್ತರಾರ್ಧದಿಂದ ಅಲ್ಲಿನ ರೋಗಿಗಳ ಮೇಲೆ ಸಿಹಿಯ ಪ್ರಯೋಗ ನಡೆಯಿತು. ಕೆಲವರಿಗೆ ಊಟದ ಜತೆ ಸಕ್ಕರೆ ಕೊಟ್ಟರು. ಇನ್ನು ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳುವಂತೆಯೇ ತಯಾರಿಸಿದ ಟಾಫಿಗಳನ್ನು ಊಟಗಳ ನಡುವೆ ದಿನಕ್ಕೆ 24ರವರೆಗೂ ತಿನ್ನಿಸಿದರು. ಊಟದ ಜತೆ ಸಕ್ಕರೆ ತಿಂದವರ ಹಲ್ಲು ಹೆಚ್ಚೇನೂ ಕೆಡಲಿಲ್ಲ, ಟಾಫಿ ತಿಂದವರ ಹಲ್ಲು ಹಾಳಾಯಿತು. 1954ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಪ್ಪಿಗೆ ಕೊಡಲಾಗದ ಅಸಹಾಯಕರ ಬಾಯಿಯನ್ನು ಪ್ರಯೋಗಶಾಲೆ ಮಾಡಿದ್ದು ಈಗ ವೈದ್ಯಕೀಯ ನೀತಿಯ ಪಾಠಗಳಲ್ಲಿ ಕೆಟ್ಟ ಉದಾಹರಣೆಯಾಗಿ ಉಳಿದಿದೆ. ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ರೂಢಿ ಬೇರೂರಿದ್ದು ಇದರ ನಂತರ. ಆ ಮಕ್ಕಳಿಗೆ ಶನಿವಾರದ ಮಿಠಾಯಿಯ ಹಿಂದಿನ ಈ ಕತೆ ಗೊತ್ತಿರಲಾರದು.

ಕಂದು ಕಲೆಯ ಊರು

ಹಲ್ಲು ಕೆಡುವುದು ಹೇಗೆಂದು ತಿಳಿದ ಮೇಲೆ, ಅದನ್ನು ಉಳಿಸುವ ವಸ್ತು ಸಿಕ್ಕಿದ್ದು ಯಾರೂ ಹುಡುಕದ ಜಾಗದಲ್ಲಿ.

1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ಯುವ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದು ಕ್ಲಿನಿಕ್ ತೆರೆದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಚಾಕೊಲೇಟಿನಂಥ ಕಂದು ಕಲೆಗಳು. ಯಾವ ಪುಸ್ತಕದಲ್ಲೂ ಈ ರೋಗದ ಹೆಸರಿರಲಿಲ್ಲ. ಹಂದಿ ಮಾಂಸ ಹೆಚ್ಚು ತಿನ್ನುವುದರಿಂದ, ಕೆಟ್ಟ ಹಾಲಿನಿಂದ ಎಂದು ಊರವರು ತಲೆಗೊಂದು ಕಾರಣ ಹೇಳುತ್ತಿದ್ದರು. ಆ ಕಾಲದ ಹೆಸರಾಂತ ದಂತವಿಜ್ಞಾನಿ ಜಿ.ವಿ. ಬ್ಲ್ಯಾಕ್ ಮೊದಲು ಮೆಕೆಯ ಪತ್ರಗಳನ್ನು ನಂಬಲಿಲ್ಲ. 1909ರಲ್ಲಿ ಖುದ್ದಾಗಿ ಬಂದು ನೋಡಿದಾಗ, ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಸುಮಾರು ಶೇಕಡಾ 90 ಮಂದಿಗೆ ಕಲೆಯಿತ್ತು.

ಇಬ್ಬರೂ ಕೂಡಿ ಗಮನಿಸಿದ ಸಂಗತಿಗಳು ಎರಡು. ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಆ ಊರಿನಲ್ಲಿದ್ದವರಿಗೆ ಮಾತ್ರ ಕಲೆ ಬರುತ್ತದೆ. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಬರುವುದಿಲ್ಲ. ಎರಡನೆಯದು ಅವರನ್ನೇ ಬೆರಗಾಗಿಸಿತು. ಈ ಕೊಳಕು ಕಾಣುವ ಹಲ್ಲುಗಳು ಸುಲಭಕ್ಕೆ ಹುಳುಕಾಗುತ್ತಿರಲಿಲ್ಲ.

ನೀರಿನ ಮೇಲೆ ಮೆಕೆಗೆ ಅನುಮಾನ. 1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿನ ತಾಯಂದಿರು, ದೂರದ ಬಿಸಿನೀರಿನ ಬುಗ್ಗೆಯಿಂದ ಕೊಳವೆ ಹಾಕಿ ನೀರು ತಂದ ಮೇಲೆ ತಮ್ಮ ಮಕ್ಕಳ ಹಲ್ಲು ಕಲೆಗಟ್ಟತೊಡಗಿದೆ ಎಂದು ದೂರಿದರು. ನೀರಿನಲ್ಲಿ ಏನಿದೆಯೆಂದು ಮೆಕೆಗೆ ಆಗಲೂ ತಿಳಿಯಲಿಲ್ಲ. ಆದರೂ ಆ ಕೊಳವೆಯನ್ನು ಕೈಬಿಡಿ ಎಂದ. ಊರವರು ಬೇರೆ ಬುಗ್ಗೆಯ ನೀರಿಗೆ ಬದಲಾದರು. ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಮೂಡಿತು.

ಕಾರಣ ಹೊರಬಿದ್ದದ್ದು 1931ರಲ್ಲಿ. ಅರ್ಕನ್ಸಾಸ್‌ನ ಬಾಕ್ಸೈಟ್ ಎಂಬ ಊರು ಅಲ್ಕೋವಾ ಎಂಬ ಅಲ್ಯುಮಿನಿಯಂ ಕಂಪನಿಯದು. ಅಲ್ಯುಮಿನಿಯಂ ಪಾತ್ರೆ ವಿಷ ಎಂಬ ಗುಲ್ಲು ಆಗ ಜೋರಾಗಿತ್ತು. ಆ ಊರಿನ ಮಕ್ಕಳ ಹಲ್ಲಿನ ಕಲೆಯೂ ಕಂಪನಿಯ ತಲೆಗೆ ಸುತ್ತಿಕೊಂಡೀತೆಂದು ಹೆದರಿದ ಮುಖ್ಯ ರಸಾಯನಶಾಸ್ತ್ರಜ್ಞ ಚರ್ಚಿಲ್, ನೀರನ್ನು ಸೂಕ್ಷ್ಮವಾಗಿ ಪರೀಕ್ಷೆ ಮಾಡಿಸಿದ. ಅದರಲ್ಲಿ ಯಾರೂ ನಿರೀಕ್ಷಿಸದಷ್ಟು ಫ್ಲೋರೈಡ್! ಮಾದರಿಯೇ ಕೆಟ್ಟಿರಬೇಕೆಂದು ಇನ್ನೊಮ್ಮೆ ನೀರು ತರಿಸಿದ. ಉತ್ತರ ಬದಲಾಗಲಿಲ್ಲ. ಮೆಕೆಯ ಮೂವತ್ತು ವರ್ಷದ ಹುಡುಕಾಟ ಒಂದು ಕಾಗದದಲ್ಲಿ ಮುಗಿಯಿತು.

ಮುಂದಿನ ಕೆಲಸ ಅಮೆರಿಕದ ಆರೋಗ್ಯ ಇಲಾಖೆಯ ಟ್ರೆಂಡ್ಲಿ ಡೀನ್‌ನದು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹಲ್ಲು ಹುಳುಕಾಗುವುದು ಕಡಿಮೆಯಾಗುತ್ತದೆ, ಕಲೆಯೂ ಅಷ್ಟಾಗಿ ಬರುವುದಿಲ್ಲ ಎಂದು ಆತ ಊರೂರಿನ ಮಕ್ಕಳ ಬಾಯಿ ನೋಡಿ ಲೆಕ್ಕಹಾಕಿದ. 1945ರ ಜನವರಿ 25ರಂದು ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಿದ ಮೊದಲ ನಗರವಾಯಿತು. ಹನ್ನೊಂದು ವರ್ಷಗಳ ನಂತರ, ಅಲ್ಲಿ ಆಮೇಲೆ ಹುಟ್ಟಿದ ಮಕ್ಕಳಲ್ಲಿ ದಂತಕ್ಷಯ ಶೇಕಡಾ 60ಕ್ಕೂ ಹೆಚ್ಚು ಇಳಿದಿತ್ತು. ಆ ಹೊತ್ತಿಗೆ ಫ್ಲೋರೈಡ್ ಟೂತ್‌ಪೇಸ್ಟಿಗೂ ಬಂದಿತ್ತು; ಇಂಡಿಯಾನಾ ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಹುಟ್ಟಿದ ಕ್ರೆಸ್ಟ್ 1956ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು. ಎನಾಮಲ್ ತನ್ನನ್ನು ರಿಪೇರಿ ಮಾಡಿಕೊಳ್ಳುವಾಗ ಫ್ಲೋರೈಡ್ ಜತೆಗೂಡಿದರೆ ಅಲ್ಲಿ ಆಮ್ಲಕ್ಕೆ ಬೇಗ ಜಗ್ಗದ ಗಟ್ಟಿ ಪದರ ಕೂಡುತ್ತದೆ. ಪೇಸ್ಟಿನ ಗುಟ್ಟು ಅದರ ನೊರೆಯಲ್ಲಿಲ್ಲ, ಇದರಲ್ಲಿದೆ.

ನಮ್ಮ ಬೋರ್‌ವೆಲ್ಲಿನ ನೀರು

ಅಮೆರಿಕದಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವ ಮೊದಲೇ ನಮ್ಮಲ್ಲಿ ಅದರ ಇನ್ನೊಂದು ಮುಖ ಕಂಡಿತ್ತು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಫ್ಲೋರೋಸಿಸ್ ಇರುವುದನ್ನು ವರದಿ ಮಾಡಿದರು. ಅಲ್ಲಿ ಹಲ್ಲಿನ ಕಲೆಯಷ್ಟೇ ಅಲ್ಲ, ಬೆನ್ನುಮೂಳೆ ಸೆಟೆದು, ಕೀಲು ಹಿಡಿದು ಬಗ್ಗಲಾರದವರು ಇದ್ದರು.

ಕರ್ನಾಟಕದ ಬಯಲುಸೀಮೆಯೂ ಇದೇ ಸಾಲಿನದು. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ತುಮಕೂರು ಜಿಲ್ಲೆಯ ಪಾವಗಡ, ಬಳ್ಳಾರಿ, ರಾಯಚೂರು, ಗದಗ ಜಿಲ್ಲೆಯ ಮುಂಡರಗಿ: ಇಲ್ಲೆಲ್ಲ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕಣಶಿಲೆಯೊಳಗಿನ ಖನಿಜಗಳಿಂದ ಅದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಕೆರೆ, ತೆರೆದ ಬಾವಿಗಳ ಮೇಲುನೀರು ಕುಡಿಯುತ್ತಿದ್ದ ಊರುಗಳು, ಕೆರೆಗಳು ಹೂಳು ತುಂಬಿದ ಮೇಲೆ ಬೋರ್‌ವೆಲ್ಲಿಗೆ ಬಿದ್ದವು. ನೀರು ಕಲ್ಲಿನ ನಡುವೆ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಹೆಚ್ಚುವ ಸಂಭವ. ಓಕ್ಲಿಯ ತಾಯಂದಿರಿಗೆ ಬದಲಾಯಿಸಿಕೊಳ್ಳಲು ಇನ್ನೊಂದು ಬುಗ್ಗೆಯಾದರೂ ಇತ್ತು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ; ಬೇರೆ ನೀರಿಲ್ಲದಿದ್ದರೆ ಒಂದೂವರೆ ಮಿಲಿಗ್ರಾಂವರೆಗೆ ಸಹ್ಯ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ಪಟಿಕ, ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವ ‘ನಲ್ಗೊಂಡ ವಿಧಾನ’ ರೂಪಿಸಿತು. 2010ರ ನಂತರ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಅಲ್ಲಿಂದ ಕ್ಯಾನಿನಲ್ಲಿ ತಂದ ನೀರನ್ನು ಕುಡಿಯಲು ಇಟ್ಟುಕೊಂಡು, ಅಡುಗೆಗೆ ಬೋರ್‌ವೆಲ್ಲಿನ ನೀರನ್ನೇ ಸುರಿದರೆ ಉದ್ದೇಶ ಅರ್ಧ ಮಾತ್ರ ಸಾರ್ಥಕ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು. ಆವಿ ಹೋದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ.

ಒಂದು ಬಟಾಣಿ ಕಾಳಿನಷ್ಟು

ಹೀಗೆ ಕೊರತೆಯೂ ಅತಿಯೂ ಕೆಡುಕಾದ ವಸ್ತುವನ್ನು ಪ್ರತಿದಿನ ಮಗುವಿನ ಬಾಯಿಗೆ ಇಡುವವರು ಅಪ್ಪ ಅಮ್ಮಂದಿರು. ಕಾಯಂ ಹಲ್ಲಿನ ಎನಾಮಲ್ ದವಡೆಯೊಳಗೆ ತಯಾರಾಗುವುದು ಹುಟ್ಟಿನಿಂದ ಏಳೆಂಟು ವರ್ಷದೊಳಗೆ. ಮುಂದಿನ ಹಲ್ಲುಗಳ ಮಟ್ಟಿಗೆ ಮೊದಲ ಮೂರು ನಾಲ್ಕು ವರ್ಷ ಬಹಳ ಸೂಕ್ಷ್ಮ. ಪೇಸ್ಟನ್ನು ಸಿಹಿಯೆಂದು ನುಂಗಿಬಿಡುವ ವಯಸ್ಸೂ ಅದೇ.

ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದು, ಎಷ್ಟಿದೆಯೆಂದು ಟ್ಯೂಬಿನ ಮೇಲೆ ಅಚ್ಚಾಗಿರಬೇಕು. 1000 ಪಿಪಿಎಂ ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ. ಜಾಹೀರಾತಿನ ಚಿತ್ರದಂತೆ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಪೇಸ್ಟು ಹಾಕಿದರೆ ಸುಮಾರು ಒಂದು ಗ್ರಾಂ ಆದೀತು. ಮಗು ಅದನ್ನು ನುಂಗಿದರೆ, ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಒಂದು ಲೀಟರ್ ಕುಡಿದಂತೆ. ಬಟಾಣಿ ಕಾಳಿನಷ್ಟಾದರೆ ಇದರ ಕಾಲು ಭಾಗ. ಜಾಹೀರಾತಿನವರಿಗೆ ಪೇಸ್ಟು ಬೇಗ ಮುಗಿಯಬೇಕು; ಮಗುವಿಗೆ ಅಷ್ಟು ಬೇಕಿಲ್ಲ.

ಎಳೆ ಮಕ್ಕಳಿಗೆ ಫ್ಲೋರೈಡ್ ಪೇಸ್ಟೇ ಬೇಡವೆಂಬ ಎಚ್ಚರಿಕೆ ಬಹುಕಾಲ ಚಾಲ್ತಿಯಲ್ಲಿತ್ತು. 2014ರಲ್ಲಿ ಅಮೆರಿಕದ ದಂತವೈದ್ಯ ಸಂಘ ಮೊದಲ ಹಲ್ಲು ಮೂಡಿದಾಗಿನಿಂದ ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಎಂದು ಸಲಹೆ ತಿದ್ದಿತು. ಪೇಸ್ಟನ್ನು ಹಾಕುವುದು, ಉಜ್ಜುವುದು ದೊಡ್ಡವರ ಕೆಲಸ. ಏಳೆಂಟು ವರ್ಷದವರೆಗೂ ಮಗುವಿನ ಕೈಗೆ ಒಳಬದಿಯ ಹಲ್ಲು ಉಜ್ಜುವ ಹದ ಬಂದಿರುವುದಿಲ್ಲ. ಉಜ್ಜಿದ ಮೇಲೆ ಉಗುಳಿಸಬೇಕು. ಆದರೆ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ತೊಳೆದುಹೋಗುತ್ತದೆ. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ಪೇಸ್ಟಿನ ವಿಷಯವನ್ನು ದಂತವೈದ್ಯರಲ್ಲಿ ಕೇಳಿಯೇ ನಿರ್ಧರಿಸುವುದು ಒಳ್ಳೆಯದು.

ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಇದ್ದಿಲು, ಉಪ್ಪು, 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಇವೆಲ್ಲ ಹಳೆ ಮೈಸೂರಿನ ಬಚ್ಚಲುಮನೆಯ ನೆನಪುಗಳು. ಕಡ್ಡಿಯಿಂದ ಚೆನ್ನಾಗಿ ಉಜ್ಜಿದರೆ ಕೊಳೆ ಹೋಗುವುದು ನಿಜ. ಇದ್ದಿಲಿನ, ಇಟ್ಟಿಗೆಯ ಒರಟು ಪುಡಿ ಮಾತ್ರ ಎನಾಮಲ್ಲನ್ನೇ ಸವೆಸುತ್ತದೆ. ಕೆಲವು ಹಲ್ಲುಪುಡಿಗಳಿಗೆ ಹೊಗೆಸೊಪ್ಪು ಸೇರಿಸುತ್ತಿದ್ದರು, 1992ರಲ್ಲಿ ಸರಕಾರ ಅದನ್ನು ನಿಷೇಧಿಸಿತು.

ಬೆಳಿಗ್ಗೆ ಉಜ್ಜುವುದು ನಮ್ಮಲ್ಲಿ ಆಚಾರದಂತೆ ಬಂದಿದೆ. ರಾತ್ರಿ ಉಜ್ಜುವ ಅಭ್ಯಾಸ ಅಷ್ಟಾಗಿಲ್ಲ. ನಿದ್ದೆಯಲ್ಲಿ ಎಂಜಲು ಊರುವುದು ಕಡಿಮೆ, ಹಾಗಾಗಿ ರಿಪೇರಿಯೂ ಕಡಿಮೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಕೂಸಿನ ಮೇಲ್ದವಡೆಯ ಮುಂಬಲ್ಲುಗಳು ಎಲ್ಲಕ್ಕಿಂತ ಮೊದಲು ಕರಗುವುದು ಇದಕ್ಕೇ.

ಹಾಲುಹಲ್ಲು ಹೇಗೂ ಬೀಳುವಂಥದ್ದು, ಅದಕ್ಕೆ ಯಾಕಿಷ್ಟು ಉಪಚಾರ ಎಂಬ ಮಾತು ಸಾಮಾನ್ಯ. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆದು, ಹೊಸ ಹಲ್ಲು ಚೆನ್ನಾಗಿ ಬರಲೆಂದು ಹಾರೈಸುವವರೂ ಹೀಗೆನ್ನುತ್ತಾರೆ. ಆದರೆ ಹಾಲುಹಲ್ಲು ತನ್ನ ಹಿಂದೆ ಬರುವ ಹಲ್ಲಿಗೆ ಜಾಗ ಕಾದಿರಿಸುತ್ತದೆ. ಬೇಗ ಕಿತ್ತರೆ ಅಕ್ಕಪಕ್ಕದವು ವಾಲಿ, ಹೊಸದು ಸೊಟ್ಟಗೆ ಮೂಡುತ್ತದೆ. ಬೇರಿನಲ್ಲಿ ಕೀವಾದರೆ ಒಳಗೆ ಬೆಳೆಯುತ್ತಿರುವ ಹಲ್ಲಿಗೂ ಪೆಟ್ಟು.

ಇನ್ನೊಂದು ಮೋಸ ಆರನೇ ವಯಸ್ಸಿನಲ್ಲಿ ನಡೆಯುತ್ತದೆ. ಆ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಒಂದೊಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ: ಮೇಲೆ ಎರಡು, ಕೆಳಗೆ ಎರಡು. ಹಲ್ಲು ಬೀಳದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದರ ಮೇಲ್ಮೈಯ ಆಳವಾದ ಗೆರೆಗಳಲ್ಲಿ ಬಿಸ್ಕತ್ತಿನ ಹಿಟ್ಟು ಕೂರುತ್ತದೆ, ಬ್ರಷ್ಷು ಅಲ್ಲಿಗೆ ಮುಟ್ಟುವುದಿಲ್ಲ. ಒಂದನೇ ತರಗತಿಯ ಮಗುವನ್ನು ಬೆಳಕಿಗೆ ನಿಲ್ಲಿಸಿ ಬಾಯಿ ಅಗಲಿಸಿ ನೋಡಿದರೆ ತುತ್ತತುದಿಯಲ್ಲಿ ಅದು ಕಾಣುತ್ತದೆ. ಮುಂದೆ ಬೀಳುವ ಹಲ್ಲಲ್ಲ ಅದು.