ವೃದ್ಧಾಶ್ರಮದ ನೋಂದಣಿ ಮತ್ತು ಅಪೀಲು

ಇಳಿವಯಸ್ಸಿನಲ್ಲಿ ಪರರ ಮನೆಯಲ್ಲಿ ಆಸರೆ ಪಡೆದವರಿಗೆ ಆ ಮನೆಯ ಒಡೆಯನೇ ಅನ್ನದಾತ, ಅವನೇ ಕಾವಲುಗಾರ. ಆ ಕಾವಲುಗಾರನನ್ನು ಕಾಯುವವರು ಯಾರು? ಅವರೂ ಎಡವಿದರೆ ತಿದ್ದುವವರು ಯಾರು? ಇಂಗ್ಲೆಂಡು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಬಗೆ ತಿಳಿಯತಕ್ಕದ್ದಾಗಿದೆ.

ಅಲ್ಲಿ ದಿಕ್ಕಿಲ್ಲದ ಮುದುಕರ ಪಾಲಿಗೆ ಬಹುಕಾಲ ಉಳಿದಿದ್ದುದು ಬಡವರ ಕಾಯಿದೆಯ ವರ್ಕ್‌ಹೌಸ್. ೧೯೨೭ರಲ್ಲಿ ರೋಗಿಗಳನ್ನು ಇರಿಸಿಕೊಳ್ಳುವ ನರ್ಸಿಂಗ್ ಹೋಮುಗಳಿಗೆ ನೋಂದಣಿ ಕಡ್ಡಾಯವಾಯಿತು. ೧೯೪೮ರ ನ್ಯಾಷನಲ್ ಅಸಿಸ್ಟೆನ್ಸ್ ಕಾಯಿದೆ ಬಡವರ ಕಾಯಿದೆಯನ್ನು ರದ್ದುಮಾಡಿ, ವೃದ್ಧರ ಮತ್ತು ಅಂಗವಿಕಲರ ಖಾಸಗಿ ವಸತಿಗೃಹಗಳಿಗೂ ಇದೇ ಕಟ್ಟಳೆಯನ್ನು ವಿಧಿಸಿತು. ಸ್ಥಳೀಯ ಕೌನ್ಸಿಲ್ ನೋಂದಣಿ ನಿರಾಕರಿಸಿದರೆ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಅಪೀಲು ಹೋಗಬಹುದಾಗಿತ್ತು. ಆದರೆ ಕೌನ್ಸಿಲ್ಲು ತಾನೇ ನಡೆಸುತ್ತಿದ್ದ ಮನೆಗಳಿಗೆ ನೋಂದಣಿಯ ಕಟ್ಟೇ ಇರಲಿಲ್ಲ! ಪೀಟರ್ ಟೌನ್ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ೧೭೩ ವಸತಿಗೃಹಗಳನ್ನು ಕಂಡು ೧೯೬೨ರಲ್ಲಿ ಬರೆದ ಗ್ರಂಥದಲ್ಲಿ, ಹಳೆಯ ವರ್ಕ್‌ಹೌಸುಗಳಲ್ಲೇ ಮುದುಕರು ಇನ್ನೂ ದಿನ ನೂಕುತ್ತಿದ್ದುದನ್ನು ತೋರಿಸಿದರು. ಕಾಯಿದೆ ಸತ್ತಿತ್ತು, ಕಟ್ಟಡ ಬದುಕಿತ್ತು.

೧೯೮೪ರ ಕಾಯಿದೆ ಅಪೀಲಿಗೆಂದೇ ಪ್ರತ್ಯೇಕ ನ್ಯಾಯಮಂಡಲಿಯನ್ನು ಕೊಟ್ಟಿತು. ಅಧ್ಯಕ್ಷರು ಕಾನೂನು ಬಲ್ಲವರು. ಜೊತೆಗೆ ಆರೈಕೆಯ ಕೆಲಸದಲ್ಲಿ ನುರಿತ ಇಬ್ಬರು. ನೋಂದಣಿ ರದ್ದುಮಾಡುವ ಮುನ್ನ ಒಡೆಯನಿಗೆ ನೋಟೀಸು ಕೊಟ್ಟು ಅವನ ಮಾತು ಕೇಳಬೇಕು. ಆಜ್ಞೆಯಾದ ೨೮ ದಿನಗಳೊಳಗೆ ಅವನು ಅಪೀಲು ಹಾಕಿದರೆ, ತೀರ್ಪು ಬರುವವರೆಗೆ ಆ ಆಜ್ಞೆ ಜಾರಿಗೆ ಬಾರದು. ಇದು ಸಾಮಾನ್ಯ ದಾರಿ. ಆದರೆ ವಾಸಿಗಳ ಪ್ರಾಣಕ್ಕೆ, ಆರೋಗ್ಯಕ್ಕೆ ಗಂಡಾಂತರವಿದ್ದರೆ ಅಷ್ಟು ದಿನ ಕಾಯಲಾದೀತೆ? ಆಗ ಮ್ಯಾಜಿಸ್ಟ್ರೇಟರಿಂದ ಒಡನೆಯೇ ಜಾರಿಗೆ ಬರುವ ಆಜ್ಞೆ ಪಡೆಯಬಹುದಾಗಿತ್ತು. ಒಡೆಯನಿಗೆ ತಿಳಿಸದೆಯೂ ಪಡೆಯಬಹುದಾಗಿತ್ತು!

ಈ ಅಸ್ತ್ರದ ಅಪಾಯ ೧೯೯೮ರಲ್ಲಿ ನಾಟಿಂಗ್‌ಹ್ಯಾಮ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಕಂಡಿತು. ಆರೋಗ್ಯ ಪ್ರಾಧಿಕಾರದ ಮಾತನ್ನಷ್ಟೇ ಕೇಳಿ ಆಜ್ಞೆ ಹೊರಟಿತು. ಮುದುಕರನ್ನು ಬೇರೆ ಮನೆಗಳಿಗೆ ಸಾಗಿಸಲಾಯಿತು. ೧೯೯೯ರಲ್ಲಿ ನ್ಯಾಯಮಂಡಲಿ ಒಡೆಯರ ಅಪೀಲನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಅವರ ವ್ಯವಹಾರ ನೆಲಕಚ್ಚಿತ್ತು. ಅವರು ಪರಿಹಾರ ಕೇಳಿದಾಗ, ಪ್ರಾಧಿಕಾರದ ಮೇಲೆ ಅಂಥ ಹೊಣೆಯಿಲ್ಲವೆಂದು ೨೦೦೯ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಅಪೀಲಿನಲ್ಲಿ ಗೆದ್ದರೂ ಆ ತೀರ್ಪಿನಿಂದ ಅವರಿಗೆ ಪರಿಹಾರ ದಕ್ಕಲಿಲ್ಲ.

೨೦೦೨ರಿಂದ ಕೌನ್ಸಿಲ್ಲುಗಳ ಮನೆಗಳೂ ನೋಂದಣಿಗೆ ಒಳಪಟ್ಟವು. ೨೦೦೯ರಿಂದ ಇಂಗ್ಲೆಂಡಿನಲ್ಲಿ ಈ ಮೇಲ್ವಿಚಾರಣೆ ಕೇರ್ ಕ್ವಾಲಿಟಿ ಕಮಿಷನ್ನಿನದು. ಮನೆ ನಡೆಸುವವನಿಗೆ ಅಪೀಲಿನ ಹಕ್ಕು ಈಗಲೂ ಉಂಟು, ಅದು ನ್ಯಾಯವೂ ಹೌದು. ಆದರೆ ಕಾಯಿದೆ ಅಪೀಲಿನ ಹಕ್ಕನ್ನು ಕೊಟ್ಟಿದ್ದು ಅವನಿಗೆ. ಆ ಮನೆಯಲ್ಲಿ ಹಾಸಿಗೆ ಹಾಸಿಕೊಂಡ ಮುದುಕಿಗಲ್ಲ. ಮನೆ ಮುಚ್ಚಿದರೂ ತೆರೆದಿದ್ದರೂ ಮೊದಲು ಬಾಧೆಪಡುವವಳು ಅವಳೇ. ನಿರೀಕ್ಷಕನಾಗಲಿ ನ್ಯಾಯಾಧೀಶನಾಗಲಿ ಕಡತ ಬಿಚ್ಚುವ ಮೊದಲು ಅವಳನ್ನು ಒಮ್ಮೆ ನೆನೆಯಬೇಕು.