ಸಿಯಾಹ್‌ಗೋಶ್ ಮೃಗವೂ ದೀರ್ಘಕರ್ಣನೆಂಬ ಹೆಸರೂ

ಆಫ್ರಿಕದಿಂದ ಅರೇಬಿಯ, ಪಾರಸಿಕ ದೇಶಗಳ ಮಾರ್ಗವಾಗಿ ಭಾರತದವರೆಗೆ ಹಬ್ಬಿರುವ ಶುಷ್ಕಪ್ರದೇಶಗಳಲ್ಲಿ ಮಧ್ಯಮಗಾತ್ರದ ಒಂದು ಕಾಡುಬೆಕ್ಕು ವಾಸಿಸುತ್ತದೆ. ಇದರ ಮೈಬಣ್ಣ ಕೆಂಪುಮಿಶ್ರಿತ ಕಂದು, ಕಾಲುಗಳು ನೀಳ, ಕಿವಿಗಳ ಹಿಂಭಾಗವು ಕಪ್ಪು, ತುದಿಯಲ್ಲಿ ಕರಿಗೂದಲಿನ ಕುಚ್ಚು. ಈ ಲಕ್ಷಣದಿಂದಲೇ ಪಾರಸಿಕರು ಇದನ್ನು 'ಸಿಯಾಹ್‌ಗೋಶ್' ಎಂದೂ ತುರ್ಕರು 'ಕರಾಕುಲಾಕ್' ಎಂದೂ ಕರೆದರು. ಎರಡಕ್ಕೂ 'ಕರಿಗಿವಿ' ಎಂದೇ ಅರ್ಥ. ತುರ್ಕೀ ಶಬ್ದವು ಯೂರೋಪಿನಲ್ಲಿ 'ಕರಾಕಲ್' ಎಂದಾಯಿತು. 1776ರಲ್ಲಿ ಷ್ರೇಬರ್ ಎಂಬ ಜರ್ಮನ್ ವಿದ್ವಾಂಸನು ಇದನ್ನೇ ಶಾಸ್ತ್ರೀಯನಾಮವಾಗಿ ಸ್ವೀಕರಿಸಿದನು. ಕಿವಿಯ ಕುಚ್ಚನ್ನು ನೋಡಿ ಇದನ್ನು ಲಿಂಕ್ಸ್ ಜಾತಿಗೆ ಸೇರಿಸುವ ರೂಢಿಯೂ ಇದ್ದಿತು. ಆದರೆ ಇದರ ನಿಜವಾದ ದಾಯಾದಿಗಳು ಆಫ್ರಿಕದ ಹೊಂಬೆಕ್ಕು ಮತ್ತು ಸರ್ವಲ್ ಎಂಬುದು ವಂಶಪರೀಕ್ಷೆಯಿಂದ ಸಿದ್ಧವಾಗಿದೆ.

ಭಾರತದ ಪ್ರಾಚೀನರಿಗೆ ಈ ಮೃಗವು ತಿಳಿದಿತ್ತೆಂಬುದಕ್ಕೆ ಹಿತೋಪದೇಶದ ದೀರ್ಘಕರ್ಣನೆಂಬ ಮಾರ್ಜಾರವನ್ನು ಕೆಲವರು ಪ್ರಮಾಣವಾಗಿ ಹೇಳುವುದುಂಟು. ಈ ಪಕ್ಷವು ವಿಚಾರಕ್ಕೆ ನಿಲ್ಲುವುದಿಲ್ಲ. 'ದೀರ್ಘವಾದ ಕಿವಿಗಳುಳ್ಳವನು' ಎಂಬ ಬಹುವ್ರೀಹಿಯಲ್ಲಿ ಕಪ್ಪಿನ ಸೂಚನೆಯಿಲ್ಲ, ಕುಚ್ಚಿನ ಸೂಚನೆಯಿಲ್ಲ. ಕಥೆ ನಡೆಯುವುದು ಭಾಗೀರಥೀತೀರದಲ್ಲಿ, ಮರುಭೂಮಿಯಲ್ಲಲ್ಲ. ಅಲ್ಲದೆ ಅದೇ ಕಥೆಯ ಮುದಿಹದ್ದಿನ ಹೆಸರು ಜರದ್ಗವ, ಅಂದರೆ ಮುದಿಯೆತ್ತು. ಹೆಸರಿನಿಂದ ಜಾತಿಯನ್ನು ನಿರ್ಣಯಿಸುವುದಾದರೆ ಆ ಹದ್ದನ್ನು ಎತ್ತೆನ್ನಬೇಕಾದೀತು!

ನಿಸ್ಸಂದಿಗ್ಧವಾದ ಆಧಾರಗಳು ದೊರೆಯುವುದು ಪಾರಸಿಕ ಭಾಷೆಯ ಚರಿತ್ರೆಗಳಲ್ಲಿ. ದೆಹಲಿಯನ್ನು 1351ರಿಂದ 1388ರವರೆಗೆ ಆಳಿದ ಫಿರೋಜ್ ಷಾ ತುಘಲಕನು ಬೇಟೆಗಾಗಿ ಸಿಯಾಹ್‌ಗೋಶ್‌ಗಳನ್ನು ಸಾಕಿಸಿದ್ದನು. ಅಕ್ಬರನ ಕಾಲದ ವಿವರವನ್ನು ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಕೊಟ್ಟಿದ್ದಾನೆ: ಹಿಂದೆ ಮೊಲವನ್ನೋ ನರಿಯನ್ನೋ ಹಿಡಿಯುತ್ತಿದ್ದ ಈ ಮೃಗವು ಈಗ ಕೃಷ್ಣಮೃಗವನ್ನೂ ಕೊಲ್ಲುತ್ತದೆ, ಇದಕ್ಕೆ ದಿನಕ್ಕೆ ಒಂದು ಸೇರು ಮಾಂಸ, ಪ್ರತಿಯೊಂದಕ್ಕೂ ಪ್ರತ್ಯೇಕ ಪಾಲಕನು, ಅವನಿಗೆ ತಿಂಗಳಿಗೆ 100 ದಾಮು. 40 ದಾಮಿಗೆ ಒಂದು ರೂಪಾಯಿಯಂತೆ ಇದು ಎರಡೂವರೆ ರೂಪಾಯಿ. ಮುಂದೆ ಕ್ಲೈವನು ಇಂಗ್ಲೆಂಡಿಗೆ ಕಳುಹಿಸಿದ ಒಂದು ಸಿಯಾಹ್‌ಗೋಶ್ ಲಂಡನ್ನಿನ ಟವರ್ ಕೋಟೆಯಲ್ಲಿದ್ದಿತು. 1760ರ ಸುಮಾರಿನಲ್ಲಿ ಜೇಮ್ಸ್ ಪಾರ್ಸನ್ಸನು ಅದನ್ನು ವರ್ಣಿಸಿ ಬರೆದನು.

ಈ ಆಧಾರಗಳೆಲ್ಲ ಬೋನಿನ ಮೃಗವನ್ನು ಕುರಿತವು. ಅದರ ಆಹಾರ, ಪಾಲಕನ ವೇತನ, ಒಡೆಯನ ವಿನೋದ ಇವುಗಳ ಲೆಕ್ಕವುಂಟು. ಅದು ಹುಟ್ಟಿಬೆಳೆದ ಕುರುಚಲು ಕಾಡಿನ ಮಾತಿಲ್ಲ. ಹಳೆಯ ವರದಿಗಳನ್ನು ಕೂಡಿಸಿ 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ, ಪೂರ್ವದಲ್ಲಿ ಇಂದಿನ 13 ರಾಜ್ಯಗಳ ಸೀಮೆಯಲ್ಲಿದ್ದ ಈ ಮೃಗವು 2001ರಿಂದೀಚೆಗೆ ಕಂಡುಬಂದುದು ಮೂರೇ ರಾಜ್ಯಗಳಲ್ಲಿ. ಅದು ನೆಲೆನಿಂತಿರಬಹುದಾದ ಸ್ಥಳಗಳು ಕಚ್ಛ ಮತ್ತು ರಣಥಂಭೋರ್ ಎಂಬ ಎರಡೇ.

ಕಳೆದುಹೋದ ನೆಲೆಯನ್ನು ಗುರುತಿಸುವುದಕ್ಕೆ ಹಳೆಯ ಬರಹಗಳೇ ಸಾಕ್ಷಿ. ಆದುದರಿಂದ ದೀರ್ಘಕರ್ಣನ ಪ್ರಶ್ನೆಯು ಬರಿಯ ಶಬ್ದವಿನೋದವಲ್ಲ. ಕಥೆಯ ಬೆಕ್ಕಿಗೆ ಕರಿಗಿವಿಯನ್ನು ಅಂಟಿಸಿದರೆ, ಮೃಗವು ಎಂದೂ ಇರದಿದ್ದ ಸ್ಥಳದಲ್ಲಿ ಅದನ್ನು ಇರಿಸಿದಂತಾಗುವುದು. ನಿಜವಾಗಿ ಇದ್ದ ಸ್ಥಳವು ಮರೆಯಾಗುವುದು. ಅಳಿಯುತ್ತಿರುವ ಪ್ರಾಣಿಗೆ ಪಂಡಿತರು ಸಲ್ಲಿಸಬಹುದಾದ ಸೇವೆಯೆಂದರೆ ಅದರ ಸಾಕ್ಷ್ಯವನ್ನು ಶುದ್ಧವಾಗಿರಿಸುವುದು.