ವಿಜಯಲಕ್ಷ್ಮಿ ರವೀಂದ್ರನಾಥ್

ವಿಜಯಲಕ್ಷ್ಮಿ ರವೀಂದ್ರನಾಥ್ (ಜನನ: ೧೮ ಅಕ್ಟೋಬರ್ ೧೯೫೩) ಭಾರತದ ನರವಿಜ್ಞಾನಿ. ಪಾರ್ಕಿನ್ಸನ್ ಕಾಯಿಲೆ, ಆಲ್ಝೈಮರ್ ಕಾಯಿಲೆ ಮೊದಲಾದ ನರಕ್ಷಯ ರೋಗಗಳಲ್ಲಿ ನರಕೋಶಗಳು ಸಾಯುವುದಕ್ಕೆ ಮುನ್ನ ಮೆದುಳಿನಲ್ಲಿ ಏನೇನು ನಡೆಯುತ್ತದೆ ಎಂಬುದು ಇವರ ಸಂಶೋಧನೆಯ ಮುಖ್ಯ ವಿಷಯ. ಮೆದುಳಿನ ಉರಿಯೂತವನ್ನು ತಗ್ಗಿಸುವ ಕಿಣ್ವಗಳ ಕುರಿತ ಅಧ್ಯಯನವು ಅದರ ಒಂದು ಪ್ರಮುಖ ಭಾಗ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರಗಳ ಸ್ಥಾಪಕ ನಿರ್ದೇಶಕಿ ಇವರು.

ಶಿಕ್ಷಣ ಮತ್ತು ವೃತ್ತಿಜೀವನ

ವಿಜಯಲಕ್ಷ್ಮಿಯವರು ಆಂಧ್ರ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಪದವಿಗಳನ್ನು ಪಡೆದರು. ೧೯೮೧ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಇವರಿಗೆ ಪಿಎಚ್.ಡಿ. ನೀಡಿತು. ಬಳಿಕ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿ, ೧೯೮೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಸೇರಿದರು. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು ಕಟ್ಟುವ ಹೊಣೆ ಹೊತ್ತು ಮಾನೇಸರಕ್ಕೆ ತೆರಳಿದ ಇವರು ೨೦೦೯ರವರೆಗೆ ಅದರ ನಿರ್ದೇಶಕಿಯಾಗಿದ್ದರು. ಅದೇ ವರ್ಷ ಬೆಂಗಳೂರಿಗೆ ಹಿಂದಿರುಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರದ ಸ್ಥಾಪಕ ಅಧ್ಯಕ್ಷೆಯಾದರು.

ಸಂಶೋಧನೆಯ ಹಿನ್ನೆಲೆ

ಪಾರ್ಕಿನ್ಸನ್ ರೋಗಿಯ ಕೈ ನಡುಗತೊಡಗುವ ಹೊತ್ತಿಗೆ ನಡುಮೆದುಳಿನಲ್ಲಿ ಡೋಪಮೀನ್ ತಯಾರಿಸುವ ನರಕೋಶಗಳಲ್ಲಿ ಸುಮಾರು ಅರ್ಧದಷ್ಟು ಆಗಲೇ ನಾಶವಾಗಿರುತ್ತವೆ. ಆಲ್ಝೈಮರ್ ಕಾಯಿಲೆಯಲ್ಲೂ ಮರೆವು ಕಾಣಿಸಿಕೊಳ್ಳುವುದಕ್ಕೆ ಹಲವು ವರ್ಷಗಳ ಮೊದಲೇ ಮೆದುಳಿನಲ್ಲಿ ಬದಲಾವಣೆಗಳು ಆರಂಭವಾಗಿರುತ್ತವೆ. ಪಾರ್ಕಿನ್ಸನ್ನಿಗೆ ಬಳಸುವ ಲೆವೊಡೋಪಾ ಔಷಧಿ ಚಲನೆಯನ್ನು ಸುಗಮಗೊಳಿಸುತ್ತದೆಯೇ ಹೊರತು ಕೋಶಗಳ ನಾಶವನ್ನು ತಡೆಯುವುದಿಲ್ಲ. ಹೀಗಾಗಿ ಲಕ್ಷಣಗಳು ಕಾಣುವ ಮೊದಲಿನ ಅವಧಿಯನ್ನು ಅರಿಯುವುದು ಚಿಕಿತ್ಸೆಯ ದೃಷ್ಟಿಯಿಂದ ನಿರ್ಣಾಯಕವಾಗುತ್ತದೆ. ವಿಜಯಲಕ್ಷ್ಮಿಯವರ ಬೇರೆ ಬೇರೆ ಅಧ್ಯಯನಗಳನ್ನು ಒಂದುಗೂಡಿಸುವುದು ಈ ಪ್ರಶ್ನೆಯೇ.

ಮೆದುಳಿನೊಳಗಿನ ಕಿಣ್ವಗಳು

ದೇಹ ಸೇರಿದ ಔಷಧಿ ಹಾಗೂ ವಿಷವಸ್ತುಗಳನ್ನು ಒಡೆಯುವ ಸೈಟೊಕ್ರೋಮ್ ಪಿ೪೫೦ ಗುಂಪಿನ ಕಿಣ್ವಗಳು ಯಕೃತ್ತಿನಲ್ಲಿ ಹೇರಳವಾಗಿವೆ. ಮೆದುಳಿನಲ್ಲಿ ಇವುಗಳ ಪ್ರಮಾಣ ತೀರ ಕಡಿಮೆ. ಆದರೂ ಅಲ್ಲಿ ಇವು ತಮ್ಮದೇ ರೀತಿಯಲ್ಲಿ ಕೆಲಸ ಮಾಡುತ್ತವೆ ಎಂಬುದನ್ನು ವಿಜಯಲಕ್ಷ್ಮಿಯವರ ತಂಡ ಪ್ರಾಣಿಗಳ ಮತ್ತು ಮನುಷ್ಯರ ಮೆದುಳಿನ ಅಂಗಾಂಶಗಳಲ್ಲಿ ಪರಿಶೀಲಿಸಿತು. ಆತಂಕ ನಿವಾರಕ ಔಷಧಿಯಾದ ಆಲ್ಪ್ರಜೋಲಮ್ ಯಕೃತ್ತಿನಲ್ಲಿ ಒಂದು ಬಗೆಯಾಗಿ, ಮೆದುಳಿನಲ್ಲಿ ಇನ್ನೊಂದು ಬಗೆಯಾಗಿ ಮಾರ್ಪಡುತ್ತದೆ ಎಂದು ತಂಡವು ೨೦೦೮ರಲ್ಲಿ ವರದಿ ಮಾಡಿತು. ರಕ್ತದಲ್ಲಿರುವ ಔಷಧಿಯ ಪ್ರಮಾಣವನ್ನು ಮಾತ್ರ ಅಳೆದು, ಮೆದುಳಿನ ಮೇಲೆ ಅದರ ಪರಿಣಾಮವನ್ನು ಪೂರ್ತಿಯಾಗಿ ಊಹಿಸಲಾಗದು ಎಂಬುದು ಇದರ ತಾತ್ಪರ್ಯ.

ಮೆದುಳಿನ ಉರಿಯೂತ

ಸೋಂಕು ಅಥವಾ ಪೆಟ್ಟಿನಿಂದ ಮೆದುಳಿಗೆ ಹಾನಿಯಾದಾಗ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಸಕ್ರಿಯವಾಗುತ್ತವೆ. ಅವು ರೋಗಾಣುಗಳನ್ನೂ ಸತ್ತ ಕೋಶಗಳ ಅವಶೇಷಗಳನ್ನೂ ನುಂಗಿ ತೆರವುಗೊಳಿಸುತ್ತವೆ. ಸೈಟೊಕೈನ್‌ಗಳೆಂಬ ಸಂಕೇತ ಪ್ರೋಟೀನುಗಳನ್ನು ಹೊರಸೂಸುತ್ತವೆ. ಅಲ್ಪಕಾಲದ ಉರಿಯೂತ ದೇಹಕ್ಕೆ ಅಗತ್ಯವಾದುದೇ. ಅದು ಶಮನಗೊಳ್ಳದೆ ದೀರ್ಘಕಾಲ ಉಳಿದರೆ ಮಾತ್ರ ಸುತ್ತಲಿನ ಆರೋಗ್ಯವಂತ ನರಕೋಶಗಳಿಗೂ ಹಾನಿಯಾಗುತ್ತದೆ. ನರಕ್ಷಯ ರೋಗಗಳು ಉಲ್ಬಣಿಸುವುದರಲ್ಲಿ ಇಂತಹ ಉರಿಯೂತದ ಪಾತ್ರವಿದೆ.

ಉರಿಯೂತವನ್ನು ಆರಂಭಿಸಿ ಹೆಚ್ಚಿಸುವ ವಸ್ತುಗಳಲ್ಲಿ ಲ್ಯೂಕೋಟ್ರೈಯೀನ್ ಬಿ೪ ಎಂಬ ಕೊಬ್ಬಿನ ಮೂಲದ ಅಣುವೂ ಒಂದು. ವಿಜಯಲಕ್ಷ್ಮಿಯವರೂ ಸಹೋದ್ಯೋಗಿಗಳೂ ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿ೪೫೦ ಗುಂಪಿಗೆ ಸೇರಿದ ೪ಎಫ್ ಎಂಬ ಉಪಗುಂಪಿನ ಕಿಣ್ವಗಳು ಈ ಅಣುವಿಗೆ ಒಂದು ಹೈಡ್ರಾಕ್ಸಿಲ್ ಗುಂಪನ್ನು ಜೋಡಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತವೆ ಎಂದು ತೋರಿಸಲಾಯಿತು. ಇಲಿಯ ಮೆದುಳಿನ ನರಕೋಶಗಳಲ್ಲೂ ಮೈಕ್ರೋಗ್ಲಿಯಾಗಳಲ್ಲೂ ಈ ಕಿಣ್ವಗಳು ಕಂಡುಬಂದವು. ಬ್ಯಾಕ್ಟೀರಿಯಾದ ಹೊರಪದರದ ಲೈಪೊಪಾಲಿಸ್ಯಾಕರೈಡ್ ಎಂಬ ವಸ್ತುವಿನಿಂದ ಉರಿಯೂತವನ್ನು ಕೆರಳಿಸಿ ಪ್ರಯೋಗ ನಡೆಸಿದಾಗ, ಕಿಣ್ವಗಳನ್ನು ತಡೆಹಿಡಿದರೆ ಉರಿಯೂತ ಹೆಚ್ಚಿತು. ಅವುಗಳ ಉತ್ಪಾದನೆಯನ್ನು ಹೆಚ್ಚಿಸಿದರೆ ಲ್ಯೂಕೋಟ್ರೈಯೀನ್ ಮಟ್ಟ ಇಳಿದು ನರಕೋಶಗಳಿಗೆ ರಕ್ಷಣೆ ದೊರೆಯಿತು. ಉರಿಯೂತವನ್ನು ಆರಿಸುವ ವ್ಯವಸ್ಥೆ ಮೆದುಳಿನಲ್ಲೇ ಇದೆ, ಅದನ್ನು ಬಲಪಡಿಸುವುದು ಚಿಕಿತ್ಸೆಯ ಒಂದು ದಾರಿಯಾಗಬಹುದು ಎಂಬುದು ಈ ಅಧ್ಯಯನದ ಸೂಚನೆ. ಇವು ಕೋಶಗಳಲ್ಲಿ ಮತ್ತು ಇಲಿಗಳಲ್ಲಿ ದೊರೆತ ಫಲಿತಾಂಶಗಳು.

ಕೇಸರಿ ಬೇಳೆ ಮತ್ತು ಪಾರ್ಕಿನ್ಸನ್ ಕಾಯಿಲೆ

ಬರಗಾಲದಲ್ಲಿಯೂ ಬೆಳೆಯುವ ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಪ್ರಧಾನ ಆಹಾರವಾಗಿ ಸೇವಿಸಿದವರಲ್ಲಿ ಕಾಲುಗಳು ಸೆಟೆದು ಸ್ವಾಧೀನ ತಪ್ಪುವ ಲ್ಯಾಥಿರಿಸಂ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಬೇಳೆಯಲ್ಲಿರುವ ಒಂದು ಅಮೈನೋ ಆಮ್ಲ ಇದಕ್ಕೆ ಕಾರಣ. ಈ ವಿಷವು ಇಲಿಗಳ ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಮೈಟೊಕಾಂಡ್ರಿಯಾದ ಮೊದಲನೆಯ ಸಂಕೀರ್ಣವನ್ನು, ಅಂದರೆ ಕೋಶದ ಶಕ್ತಿ ಉತ್ಪಾದನೆಯ ಮೊದಲ ಘಟಕವನ್ನು, ಕುಂಠಿತಗೊಳಿಸುತ್ತದೆ ಎಂದು ಇವರ ತಂಡ ಕಂಡುಕೊಂಡಿತು. ಪಾರ್ಕಿನ್ಸನ್ ಕಾಯಿಲೆಯಲ್ಲೂ ದುರ್ಬಲವಾಗುವುದು ಇದೇ ಸಂಕೀರ್ಣ. ಗ್ಲುಟಾರೆಡಾಕ್ಸಿನ್ ಎಂಬ ಕಿಣ್ವವು ಈ ಸಂಕೀರ್ಣವನ್ನು ಸುಸ್ಥಿತಿಯಲ್ಲಿ ಇಡುತ್ತದೆ ಎಂಬುದನ್ನು ೨೦೦೩ರ ಅಧ್ಯಯನ ವಿವರಿಸಿತು.

ಲ್ಯಾಥಿರಿಸಂ ಸ್ತ್ರೀಯರಿಗಿಂತ ಪುರುಷರನ್ನು ಹೆಚ್ಚಾಗಿ ಬಾಧಿಸುತ್ತದೆ. ಹೆಣ್ಣಿಲಿಗಳ ನರಮಂಡಲದಲ್ಲಿ ಗ್ಲುಟಾರೆಡಾಕ್ಸಿನ್ ಪ್ರಮಾಣ ಹೆಚ್ಚಾಗಿದ್ದು, ಈಸ್ಟ್ರೊಜೆನ್ ಹಾರ್ಮೋನು ಅದನ್ನು ನಿಯಂತ್ರಿಸುತ್ತದೆ ಎಂಬ ಶೋಧವು ಈ ವ್ಯತ್ಯಾಸಕ್ಕೆ ಒಂದು ವಿವರಣೆಯನ್ನು ಒದಗಿಸಿತು.

ಆಲ್ಝೈಮರ್ ಕಾಯಿಲೆ

ಅಶ್ವಗಂಧದ ಬೇರಿನ ಸಾರವನ್ನು ೩೦ ದಿನಗಳ ಕಾಲ ಬಾಯಿಯ ಮೂಲಕ ನೀಡಿದಾಗ, ಆಲ್ಝೈಮರ್ ಮಾದರಿಯ ಇಲಿಗಳಲ್ಲಿ ನೆನಪಿನ ಶಕ್ತಿ ಸುಧಾರಿಸಿ ಅಮೈಲಾಯ್ಡ್ ಸಂಗ್ರಹ ಇಳಿಯಿತು ಎಂಬ ೨೦೧೨ರ ವರದಿ ವ್ಯಾಪಕ ಗಮನ ಸೆಳೆಯಿತು. ಸಾರವು ಯಕೃತ್ತಿನಲ್ಲಿ ಎಲ್‌ಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಿಸಿ, ಅಮೈಲಾಯ್ಡ್ ಮೆದುಳಿನಿಂದ ರಕ್ತಕ್ಕೆ ಹರಿದುಹೋಗುವಂತೆ ಮಾಡಿತ್ತು. ಅಂದರೆ ಮೆದುಳಿನ ಕಾಯಿಲೆಗೆ ಮೆದುಳಿನ ಹೊರಗಿನಿಂದಲೂ ಚಿಕಿತ್ಸೆ ಸಾಧ್ಯವಿರಬಹುದು ಎಂಬುದು ಅಧ್ಯಯನದ ಮುಖ್ಯ ವಿಚಾರ. ಮನುಷ್ಯರಲ್ಲಿ ಅಶ್ವಗಂಧ ಆಲ್ಝೈಮರ್ ಅನ್ನು ಗುಣಪಡಿಸುತ್ತದೆ ಎಂಬುದಕ್ಕೆ ಈ ಪ್ರಯೋಗ ಪುರಾವೆಯಲ್ಲ.

೨೦೧೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ನರಕೋಶಗಳ ಸಂಪರ್ಕಸ್ಥಾನಗಳಿಗೆ ಆಕಾರ ಕೊಡುವ ಆಕ್ಟಿನ್ ತಂತುಗಳು ಇಂತಹ ಇಲಿಗಳಲ್ಲಿ ಒಂದು ತಿಂಗಳ ವಯಸ್ಸಿನಲ್ಲೇ, ಅಮೈಲಾಯ್ಡ್ ಗಂಟುಗಳು ರೂಪುಗೊಳ್ಳುವ ಮೊದಲೇ ಕುಸಿಯುತ್ತವೆ ಎಂದು ತೋರಿಸಿತು.

ಶ್ರೀನಿವಾಸಪುರ ಅಧ್ಯಯನ

ಭಾರತದಲ್ಲಿ ೬೦ ವರ್ಷ ದಾಟಿದವರಲ್ಲಿ ಶೇ. ೭.೪ರಷ್ಟು, ಅಂದರೆ ಸುಮಾರು ೮೮ ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ತಿಳಿಸುತ್ತದೆ. ನಗರಗಳಲ್ಲಿ ಇದು ಶೇ. ೫.೩ ಇದ್ದರೆ ಹಳ್ಳಿಗಳಲ್ಲಿ ಶೇ. ೮.೪. ಆದರೆ ಈ ರೋಗದ ಕುರಿತ ದೀರ್ಘಕಾಲದ ಅಧ್ಯಯನಗಳಲ್ಲಿ ಬಹುಪಾಲು ನಡೆದಿರುವುದು ಪಾಶ್ಚಾತ್ಯ ದೇಶಗಳ ಅಕ್ಷರಸ್ಥ ಜನರ ನಡುವೆ. ಓದುಬರಹ ಕಲಿಯದ, ದುಡಿಮೆಯಲ್ಲೇ ಬದುಕು ಸವೆಸಿದ ಹಳ್ಳಿಗರ ನೆನಪಿನ ಶಕ್ತಿಯನ್ನು ಓದಿ ಬರೆಯುವ ಪರೀಕ್ಷೆಗಳಿಂದ ಅಳೆಯಲಾಗುವುದಿಲ್ಲ.

ಈ ಕೊರತೆಯನ್ನು ನೀಗಿಸಲು ಮೆದುಳು ಸಂಶೋಧನಾ ಕೇಂದ್ರವು ೨೦೧೮ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅಧ್ಯಯನವೊಂದನ್ನು ಆರಂಭಿಸಿತು. ಮಾವಿಗೆ ಹೆಸರಾದ ಈ ತಾಲ್ಲೂಕು ಆಂಧ್ರಪ್ರದೇಶದ ಗಡಿಯಲ್ಲಿದ್ದು, ಇಲ್ಲಿ ಕನ್ನಡ, ತೆಲುಗು ಎರಡೂ ಬಳಕೆಯಲ್ಲಿವೆ. ೪೫ ವರ್ಷ ದಾಟಿದ ೧೦,೦೦೦ ಜನರನ್ನು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸುವುದು ಇದರ ಗುರಿ. ನೆನಪು ಮತ್ತು ಗ್ರಹಿಕೆಯ ಪರೀಕ್ಷೆ, ರಕ್ತಪರೀಕ್ಷೆ, ವಂಶವಾಹಿಗಳ ವಿಶ್ಲೇಷಣೆ ಹಾಗೂ ಮೆದುಳಿನ ಎಂಆರ್‌ಐ ಚಿತ್ರಣ ಇದರ ಭಾಗಗಳು. ಬೆಂಗಳೂರು ನಗರವಾಸಿಗಳ ಮೇಲೂ ಇದಕ್ಕೆ ಸಮಾನಾಂತರವಾದ ಅಧ್ಯಯನ ನಡೆಯುತ್ತಿದೆ. ಪ್ರಯೋಗಾಲಯದಲ್ಲಿ ಇಲಿಗಳ ಮೂಲಕ ಕೇಳಿದ ಪ್ರಶ್ನೆಯನ್ನೇ, ಅಂದರೆ ಲಕ್ಷಣಗಳಿಗೆ ಮುನ್ನ ಏನು ಬದಲಾಗುತ್ತದೆ ಎಂಬುದನ್ನೇ, ಈ ಅಧ್ಯಯನ ಮನುಷ್ಯರಲ್ಲಿ ಹುಡುಕುತ್ತದೆ.

ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್‌ನ ನೆರವಿನಿಂದ ಸ್ಥಾಪನೆಯಾದ ಈ ಕೇಂದ್ರದ ಹೊಸ ಕಟ್ಟಡವನ್ನು ಪ್ರಧಾನಿ ನರೇಂದ್ರ ಮೋದಿಯವರು ೨೦ ಜೂನ್ ೨೦೨೨ರಂದು ಉದ್ಘಾಟಿಸಿದರು.

ಪ್ರಶಸ್ತಿ ಮತ್ತು ಗೌರವಗಳು

ವೈದ್ಯಕೀಯ ವಿಜ್ಞಾನ ವಿಭಾಗದಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ (೧೯೯೬), ಓಂ ಪ್ರಕಾಶ್ ಭಸಿನ್ ಪ್ರಶಸ್ತಿ (೨೦೦೧), ಜೆ. ಸಿ. ಬೋಸ್ ಫೆಲೋಶಿಪ್ (೨೦೦೬) ಮತ್ತು ಪದ್ಮಶ್ರೀ (೨೦೧೦) ಇವರಿಗೆ ಸಂದ ಗೌರವಗಳಲ್ಲಿ ಮುಖ್ಯವಾದವು. ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಗಳ ಫೆಲೋ ಆಗಿಯೂ ಇವರು ಆಯ್ಕೆಯಾಗಿದ್ದಾರೆ.